ಹಳೆಯ ಪ್ರೆಸ್ಡ್ ಗ್ಲಾಸ್ ಗುರುತು ಹಿಡಿಯುವುದು ಹೇಗೆ?

ಇಂಗ್ಲೆಂಡಿನಲ್ಲಿರುವ ನಮ್ಮವರಿಗೆ ಭಾನುವಾರದ ಕಾರ್ ಬೂಟ್ ಸೇಲ್ ಗೊತ್ತೇ ಇರುತ್ತದೆ. ಮೈದಾನದ ತುಂಬ ಕಾರುಗಳು ನಿಂತಿರುತ್ತವೆ. ಡಿಕ್ಕಿ ತೆರೆದು, ಮುಂದೊಂದು ಮೇಜು ಹಾಕಿ, ಅಟ್ಟದ ಮೇಲಿನ ಸಾಮಾನೆಲ್ಲ ಹರಡಿರುತ್ತಾರೆ. ಯಾವುದೋ ಒಂದು ಮೇಜಿನ ಮೇಲೆ ನೇರಳೆಗೆ ಬಿಳಿ ಬೆರೆತ ಪುಟ್ಟ ಗಾಜಿನ ಬಟ್ಟಲೋ, ನಿಂಬೆ ಹಳದಿಯ ಹಾಲಿನ ಜಗ್ಗೋ ಸಿಗುತ್ತದೆ. ಇಂಥವೇ ಪ್ರೆಸ್ಡ್ ಗ್ಲಾಸ್, ಅಂದರೆ ಅಚ್ಚಿಗೆ ಹಾಕಿ ಒತ್ತಿ ಮಾಡಿದ ಗಾಜು. ಕೇಳಿದರೆ ‘ವಿಕ್ಟೋರಿಯನ್’, ಅಂದರೆ ರಾಣಿ ವಿಕ್ಟೋರಿಯಾ ಕಾಲದ್ದು, ಅನ್ನುತ್ತಾರೆ. ಇರಬಹುದು. ಐವತ್ತು ವರ್ಷದ ಹಿಂದೆ ಅಮೆರಿಕದಲ್ಲಿ ಮಾಡಿದ್ದೂ ಇರಬಹುದು.

ಹಳೆಯ ಪ್ರೆಸ್ಡ್ ಗ್ಲಾಸ್‌ನ ವಯಸ್ಸು ಹೇಳುವುದಕ್ಕೆ ಮೂರು ಗುರುತುಗಳಿವೆ: ತಳದಲ್ಲಿರುವ ನೋಂದಣಿ, ಮೈಮೇಲಿನ ವಿನ್ಯಾಸ, ಗಾಜಿನ ಬಣ್ಣ. ಒಂದನ್ನೇ ನೆಚ್ಚಿಕೊಂಡರೆ ಮೋಸ ಹೋಗುತ್ತೀರಿ. ಅದರಲ್ಲೂ ನೋಂದಣಿಯನ್ನು ಜನ ಸ್ವಲ್ಪ ಜಾಸ್ತಿಯೇ ನಂಬುತ್ತಾರೆ. ಇಲ್ಲಿ ನಾನು ಬ್ರಿಟನ್ನಿನ ಗಾಜಿನ ಬಗ್ಗೆಯೇ ಹೇಳುತ್ತೇನೆ, ಮುಖ್ಯವಾಗಿ ಈಶಾನ್ಯ ಇಂಗ್ಲೆಂಡಿನ ಗೇಟ್ಸ್‌ಹೆಡ್ ಮತ್ತು ಸಂಡರ್‌ಲ್ಯಾಂಡ್ ಊರುಗಳ ಗಾಜಿನ ಬಗ್ಗೆ. 1870 ಮತ್ತು 80ರ ದಶಕಗಳಲ್ಲಿ ಈ ಕೆಲಸದಲ್ಲಿ ಆ ಸೀಮೆಯದೇ ದೊಡ್ಡ ಹೆಸರು.

ಮೊದಲು: ಇದು ಒತ್ತಿದ ಗಾಜು ಹೌದೇ?

ಕರಗಿದ ಗಾಜಿನ ಮುದ್ದೆಯನ್ನು ಕಬ್ಬಿಣದ ಅಚ್ಚಿಗೆ ಹಾಕಿ, ಮೇಲಿನಿಂದ ಲೋಹದ ಪ್ಲಂಜರ್ ಇಳಿಸಿ ಒತ್ತುತ್ತಾರೆ. ಚಕ್ಕುಲಿ ಒರಳಿನಲ್ಲಿ ಹಿಟ್ಟು ಒತ್ತಿದ ಹಾಗೆಯೇ, ಆದರೆ ಇಲ್ಲಿ ತಳದಲ್ಲಿ ತೂತಿಲ್ಲ. ಗಾಜು ಅಚ್ಚಿನ ಗೋಡೆಗೂ ಪ್ಲಂಜರಿಗೂ ನಡುವೆ ಹರಡಿಕೊಂಡು ಅಲ್ಲೇ ಗಟ್ಟಿಯಾಗುತ್ತದೆ. ಈ ಯಂತ್ರ ಅಮೆರಿಕದಲ್ಲಿ 1820ರ ದಶಕದಲ್ಲಿ ಬಂತು, 1830ರ ದಶಕದ ಹೊತ್ತಿಗೆ ಬ್ರಿಟನ್ನಿಗೂ ಕಾಲಿಟ್ಟಿತು. ಅಲ್ಲಿ ಗಾಜಿನ ಮೇಲೆ ಭಾರಿ ಸುಂಕ ಇತ್ತು. 1845ರಲ್ಲಿ ಅದನ್ನು ತೆಗೆದುಹಾಕಿದ ಮೇಲೆ ವ್ಯಾಪಾರ ಕುದುರಿತು. ಶ್ರೀಮಂತರ ಮನೆಯ, ಕೊರೆದು ವಿನ್ಯಾಸ ಮಾಡಿದ ಕಟ್ ಗ್ಲಾಸ್‌ನ ಹೊಳಪು ಗಣಿ ಕಾರ್ಮಿಕರ ಮನೆಗೂ ಕಡಿಮೆ ದುಡ್ಡಿಗೆ ಬಂದದ್ದು ಹೀಗೆ.

ಪರೀಕ್ಷೆ ಸುಲಭ. ಒಳಗೆ ಬೆರಳಾಡಿಸಿ. ಹೊರಗೆ ಎಷ್ಟೇ ಉಬ್ಬುತಗ್ಗು ಇದ್ದರೂ ಒಳಗೆ ನುಣುಪಾಗಿದ್ದರೆ ಅದು ಒತ್ತಿದ ಗಾಜು. ಪ್ಲಂಜರ್ ನುಣುಪಾಗಿರುತ್ತದೆ, ಅಲ್ವಾ? ಹೊರಗಿನ ಉಬ್ಬಿಗೆ ಸರಿಯಾಗಿ ಒಳಗೆ ತಗ್ಗು ಸಿಕ್ಕರೆ ಅದು ಅಚ್ಚಿನೊಳಗೆ ಊದಿ ಮಾಡಿದ್ದು. ಕಟ್ ಗ್ಲಾಸ್‌ನ ಒಳಗೂ ನುಣುಪೇ, ಆದರೆ ಅದರ ಅಂಚುಗಳು ಬೆರಳಿಗೆ ಚುರುಕಾಗಿ ತಾಗುತ್ತವೆ. ಒತ್ತಿದ ಗಾಜಿನ ಅಂಚು ಮೊಂಡು, ಮೆದು.

ಆಮೇಲೆ ಅಚ್ಚಿನ ಗೆರೆ ಹುಡುಕಿ. ಅಚ್ಚು ಎರಡು, ಮೂರು ಅಥವಾ ನಾಲ್ಕು ಭಾಗಗಳದ್ದು. ಅವು ಕೂಡುವ ಜಾಗದಲ್ಲಿ ಗಾಜಿನ ಮೇಲೆ ಸಣ್ಣ ಏರುಗೆರೆ ಉಳಿಯುತ್ತದೆ. ಜಾಣ ಕೆಲಸಗಾರರು ಅದನ್ನು ವಿನ್ಯಾಸದ ಮೂಲೆಯಲ್ಲಿ ಅಡಗಿಸಿರುತ್ತಾರೆ, ಇಲ್ಲವೇ ಮತ್ತೆ ಬೆಂಕಿಗೆ ಹಿಡಿದು ಮಾಸಿಸಿರುತ್ತಾರೆ. ಒಳತಳದಲ್ಲಿ ಕೂದಲಿನಂಥ ಚಿಕ್ಕ ಗೆರೆಯೊಂದು ಕಂಡರೆ ಒಡೆದಿದೆ ಎಂದು ಕೂಡಲೇ ಕೆಳಗಿಡಬೇಡಿ. ಗಾಜಿನ ಮುದ್ದೆಯನ್ನು ಕತ್ತರಿಯಿಂದ ಕತ್ತರಿಸಿದಾಗ ಉಳಿದ ಗುರುತು ಕೂಡ ಹಾಗೇ ಕಾಣುತ್ತದೆ. ಉಗುರು ಎಳೆದಾಗ ತಡೆದರೆ, ಬೆಳಕಿಗೆ ಹಿಡಿದಾಗ ಗೆರೆ ಫಳ್ ಎಂದು ಹೊಳೆದರೆ ಮಾತ್ರ ಬಿರುಕು ಎಂದುಕೊಳ್ಳಿ.

ತಳ ನೋಡಿ, ಒಳಗೂ ನೋಡಿ

ಗುರುತು ಯಾವಾಗಲೂ ತಳದ ಕೆಳಗೇ ಇರುತ್ತದೆ ಎಂದೇನಿಲ್ಲ. ಎಷ್ಟೋ ಸಲ ಬಟ್ಟಲಿನ ಒಳತಳದಲ್ಲಿ ಇರುತ್ತದೆ, ಕೆಲವೊಮ್ಮೆ ವಿನ್ಯಾಸದ ಸಂದಿಯಲ್ಲಿ. ಸವೆದ ಅಚ್ಚಿನಿಂದ ಬಂದ ವಸ್ತುವಿನಲ್ಲಿ ಅದು ಬರೀ ಮಚ್ಚೆಯ ಹಾಗೆ ಕಾಣುತ್ತದೆ. ಫೋನಿನ ಟಾರ್ಚನ್ನು ಓರೆಯಾಗಿ ಹಿಡಿಯಿರಿ, ನೇರ ಬೆಳಕಿನಲ್ಲಿ ಏನೂ ಕಾಣುವುದಿಲ್ಲ. ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಕಣ್ಣಿಗೆ ಬೀಳದ ಅಕ್ಷರ ಕಾಗದದ ಮೇಲೆ ಮೂಡುವುದುಂಟು.

ಎರಡು ಬಗೆಯ ಗುರುತು ಸಿಗುತ್ತವೆ, ಇವನ್ನು ಬೆರೆಸಿಕೊಳ್ಳಬಾರದು. ಒಂದು ಕಾರ್ಖಾನೆಯ ಟ್ರೇಡ್‌ಮಾರ್ಕ್. ಇನ್ನೊಂದು ವಿನ್ಯಾಸದ ನೋಂದಣಿ, ಅಂದರೆ ಬೇರೆಯವರು ನಕಲು ಮಾಡದಂತೆ ಆ ವಿನ್ಯಾಸವನ್ನು ಸರ್ಕಾರದಲ್ಲಿ ದಾಖಲಿಸಿದ್ದರ ಗುರುತು.

ಟ್ರೇಡ್‌ಮಾರ್ಕ್‌ಗಳಲ್ಲಿ ನಾಲ್ಕನ್ನು ನೆನಪಿಟ್ಟುಕೊಂಡರೆ ಸಾಕು. ತುರಾಯಿ ಇರುವ ನವಿಲಿನ ತಲೆ ಕಂಡರೆ ಅದು ಗೇಟ್ಸ್‌ಹೆಡ್‌ನ ಸೋವರ್ಬಿ ಕಂಪನಿ, 1876ರಿಂದ. ಹಿಂಗಾಲಿನ ಮೇಲೆ ನಿಂತು ನಕ್ಷತ್ರ ಹಿಡಿದ ಸಿಂಹ ಸಂಡರ್‌ಲ್ಯಾಂಡಿನ ಹೆನ್ರಿ ಗ್ರೀನರ್ ಕಂಪನಿಯದು, ಅದು 1875ರ ಸುಮಾರಿಗೆ ಶುರುವಾಯಿತು. ಅದೇ ಸಿಂಹ ನಕ್ಷತ್ರ ಬಿಟ್ಟು ಕೊಡಲಿ ಹಿಡಿದಿದ್ದರೆ 1885ರ ಆಸುಪಾಸಿನಿಂದ ಈಚಿನದು. ಕೋಟೆಯ ಗೋಪುರದಿಂದ ಮೇಲೆದ್ದ ಅರ್ಧ ಸಿಂಹ ಗೇಟ್ಸ್‌ಹೆಡ್‌ನ ಜಾರ್ಜ್ ಡೇವಿಡ್‌ಸನ್ ಕಂಪನಿಯದು, 1880ರ ದಶಕದ್ದು. ನಾಲ್ಕನೆಯದು ಲಂಗರಿನ ಜೊತೆ ಜೆ ಮತ್ತು ಡಿ ಅಕ್ಷರ. ಇದು ಮ್ಯಾಂಚೆಸ್ಟರ್ ಕಡೆಯ ಜಾನ್ ಡರ್ಬಿಶೈರ್. ಲಂಡನ್ನಿನ ಟ್ರಾಫಲ್ಗರ್ ಚೌಕದಲ್ಲಿ ಕೂತಿರುವ ಸಿಂಹಗಳನ್ನು ನೋಡಿದ್ದೀರಲ್ಲ, ಅವುಗಳ ಪುಟ್ಟ ಗಾಜಿನ ರೂಪವನ್ನು 1874ರಲ್ಲಿ ನೋಂದಾಯಿಸಿದವನು ಇವನೇ.

ಗ್ರೀನರ್ ಕಾರ್ಖಾನೆಯ ಬಗ್ಗೆ ಒಂದು ಮಾತು. ಅದು ಮುಂದೆ ಜಾಬ್ಲಿಂಗ್ ಎಂಬುವವರ ಕೈಗೆ ಹೋಯಿತು. 1920ರ ದಶಕದಲ್ಲಿ ಇದೇ ಜಾಬ್ಲಿಂಗ್ ಕಂಪನಿ ಬ್ರಿಟನ್ನಿನಲ್ಲಿ ಪೈರೆಕ್ಸ್ ಮಾಡಲು ಶುರುಮಾಡಿತು. ಅಡುಗೆಮನೆಯ ಪೈರೆಕ್ಸ್ ಬೋಗುಣಿಗೂ ಸಿಂಹದ ಗುರುತಿನ ಸಕ್ಕರೆ ಬಟ್ಟಲಿಗೂ ನಂಟಿದೆ!

ವಜ್ರಾಕಾರದ ಗುರುತು ಓದುವುದು

ಬ್ರಿಟನ್ನಿನಲ್ಲಿ 1842ರಿಂದ 1883ರವರೆಗೆ ನೋಂದಾಯಿಸಿದ ವಿನ್ಯಾಸಕ್ಕೆ ವಜ್ರದ ಆಕಾರದ ಮುದ್ರೆ ಹಾಕುತ್ತಿದ್ದರು. ನಮ್ಮ ಇಸ್ಪೀಟಿನ ಡೈಮಂಡ್ ಎಲೆಯ ಆಕಾರವೇ. ನಡುವೆ ಆರ್ ಮತ್ತು ಡಿ ಅಕ್ಷರ (ರಿಜಿಸ್ಟರ್ಡ್, ಅಂದರೆ ನೋಂದಾಯಿತ), ನಾಲ್ಕು ಮೂಲೆಗಳಲ್ಲಿ ಒಂದೊಂದು ಅಕ್ಷರ ಅಥವಾ ಅಂಕಿ, ಎಲ್ಲಕ್ಕಿಂತ ಮೇಲೆ ಒಂದು ಚಿಕ್ಕ ವೃತ್ತ. ವೃತ್ತದಲ್ಲಿರುವುದು ವಸ್ತುವಿನ ವರ್ಗ. ಗಾಜಿಗೆ ರೋಮನ್ ಅಂಕಿ ಮೂರು, ಅಂದರೆ ಮೂರು ನಿಂತ ಗೆರೆ. ಪಿಂಗಾಣಿಗೆ ನಾಲ್ಕು.

ಈಗ ವೃತ್ತದ ಕೆಳಗಿನ ಮೂಲೆ ನೋಡಿ. ಅಲ್ಲಿ ಅಕ್ಷರ ಇದ್ದರೆ 1842ರಿಂದ 1867ರ ಕಾಲದ ನೋಂದಣಿ. ಅಂಕಿ ಇದ್ದರೆ 1868ರಿಂದ 1883ರದ್ದು. ಇದೊಂದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಹಳೆಯ ಕ್ರಮದಲ್ಲಿ ಮೇಲಿನ ಅಕ್ಷರ ವರ್ಷ, ಎಡಗಡೆಯದು ತಿಂಗಳು, ಬಲಗಡೆಯ ಅಂಕಿ ತಾರೀಖು, ಕೆಳಗಿನದು ಆ ದಿನದ ಅರ್ಜಿಯ ಕಟ್ಟಿನ ಸಂಖ್ಯೆ. ಹೊಸ ಕ್ರಮದಲ್ಲಿ ಮೇಲೆ ತಾರೀಖು, ಬಲಗಡೆ ವರ್ಷ, ಕೆಳಗೆ ತಿಂಗಳು, ಎಡಗಡೆ ಕಟ್ಟಿನ ಸಂಖ್ಯೆ.

ಪ್ರೆಸ್ಡ್ ಗ್ಲಾಸ್ ಮೇಲೆ ಜಾಸ್ತಿ ಸಿಗುವುದು ಹೊಸ ಕ್ರಮದ್ದು. ಅದರ ವರ್ಷದ ಅಕ್ಷರಗಳು ಹೀಗಿವೆ: ಎಕ್ಸ್ 1868, ಎಚ್ 1869, ಸಿ 1870, ಎ 1871, ಐ 1872, ಎಫ್ 1873, ಯು 1874, ಎಸ್ 1875, ವಿ 1876, ಪಿ 1877, ಡಿ 1878, ವೈ 1879, ಜೆ 1880, ಇ 1881, ಎಲ್ 1882, ಕೆ 1883. ಹಳೆಯ ಕ್ರಮಕ್ಕೆ ಬೇರೆ ಪಟ್ಟಿ ಬಾಯಿಪಾಠ ಮಾಡಬೇಕಿಲ್ಲ. ಇದೇ ಅಕ್ಷರ ಸಿಕ್ಕರೆ 26 ಕಳೆಯಿರಿ. ಎಕ್ಸ್ 1842 ಆಗುತ್ತದೆ, ಕೆ 1857 ಆಗುತ್ತದೆ. ಇದರ ಆಚೆಗೆ 1858ರಿಂದ 1867ರವರೆಗೆ ವರಸೆಯಾಗಿ ಬಿ, ಎಂ, ಝಡ್, ಆರ್, ಒ, ಜಿ, ಎನ್, ಡಬ್ಲ್ಯೂ, ಕ್ಯೂ, ಟಿ.

ತಿಂಗಳಿನ ಅಕ್ಷರ ಎರಡೂ ಕ್ರಮಕ್ಕೆ ಒಂದೇ. ಜನವರಿಗೆ ಸಿ ಅಥವಾ ಒ, ಫೆಬ್ರವರಿಗೆ ಜಿ, ಮಾರ್ಚ್‌ಗೆ ಡಬ್ಲ್ಯೂ, ಏಪ್ರಿಲ್‌ಗೆ ಎಚ್, ಮೇಗೆ ಇ, ಜೂನ್‌ಗೆ ಎಂ, ಜುಲೈಗೆ ಐ, ಆಗಸ್ಟ್‌ಗೆ ಆರ್, ಸೆಪ್ಟೆಂಬರ್‌ಗೆ ಡಿ, ಅಕ್ಟೋಬರ್‌ಗೆ ಬಿ, ನವೆಂಬರ್‌ಗೆ ಕೆ, ಡಿಸೆಂಬರ್‌ಗೆ ಎ. ಈ ಅಕ್ಷರಗಳಿಗೂ ತಿಂಗಳ ಹೆಸರಿಗೂ ಸಂಬಂಧ ಹುಡುಕಿ ತಲೆ ಕೆಡಿಸಿಕೊಳ್ಳಬೇಡಿ.

ಒಂದು ನಿಜವಾದ ಉದಾಹರಣೆ ನೋಡೋಣ. ಬ್ರಿಟನ್ನಿನ ಆಗಿನ ಪ್ರಧಾನಿ ಗ್ಲಾಡ್‌ಸ್ಟನ್ ಹೆಸರಿನ ಗಾಜಿನ ಸಾಮಾನನ್ನು ಗ್ರೀನರ್ ಕಂಪನಿ 1869ರ ಜುಲೈ 31ರಂದು ನೋಂದಾಯಿಸಿತು. ಹಾಗಾಗಿ ಅದರ ಮುದ್ರೆಯಲ್ಲಿ ಮೇಲೆ 31, ಬಲಕ್ಕೆ ಎಚ್, ಕೆಳಗೆ ಐ. ಕೈಯಲ್ಲಿ ಅಂಥ ತಟ್ಟೆ ಇದ್ದರೆ ನೀವೇ ಓದಿಕೊಳ್ಳಬಹುದು.

1884ರ ಮೇಲೆ ಬರೀ ಸಂಖ್ಯೆ

1884ರ ಜನವರಿಯಿಂದ ವಜ್ರ ಹೋಗಿ ಆರ್‌ಡಿ ಎಂಬ ಎರಡಕ್ಷರದ ಮುಂದೆ ಸಂಖ್ಯೆ ಬಂತು. ಒಂದರಿಂದ ಶುರುವಾಗಿ ಏರುತ್ತ ಹೋಯಿತು. ಗಾಜಿಗೆ ಬೇರೆ ಎಣಿಕೆ ಇಲ್ಲ. ಬಟ್ಟೆ, ಪಿಂಗಾಣಿ, ಒಲೆಯ ಕಬ್ಬಿಣ ಎಲ್ಲಕ್ಕೂ ಒಂದೇ ಸಾಲು. 1885 ಶುರುವಾದಾಗ ಸಂಖ್ಯೆ 19,754ಕ್ಕೆ ಬಂದಿತ್ತು. 1887ಕ್ಕೆ 64,520, 1889ಕ್ಕೆ 1,16,648, 1890ಕ್ಕೆ 1,41,273, 1900ಕ್ಕೆ 3,51,202.

ನಿಮ್ಮ ಬಟ್ಟಲಿನಲ್ಲಿ 130643 ಇದೆ ಎನ್ನಿ. 1889ರ ಆರಂಭದ ಸಂಖ್ಯೆಗಿಂತ ಜಾಸ್ತಿ, 1890ರದಕ್ಕಿಂತ ಕಡಿಮೆ. ಅಂದರೆ 1889ರ ನೋಂದಣಿ. ಇದು ಡೇವಿಡ್‌ಸನ್ ಕಂಪನಿಯ ಹೆಸರುವಾಸಿ ವಿನ್ಯಾಸ.

ಆದರೆ ಇಲ್ಲಿ ಸ್ವಲ್ಪ ನಿಲ್ಲಿ. 1889 ಎನ್ನುವುದು ವಿನ್ಯಾಸ ನೋಂದಾಯಿಸಿದ ವರ್ಷ, ನಿಮ್ಮ ಬಟ್ಟಲು ಹುಟ್ಟಿದ ವರ್ಷವಲ್ಲ. ನೋಂದಣಿಯ ರಕ್ಷಣೆ ಗಾಜಿಗೆ ಮೊದಲು ಮೂರು ವರ್ಷ ಇತ್ತು, 1883ರ ಕಾಯ್ದೆ ಬಂದ ಮೇಲೆ ಐದು ವರ್ಷ. ಕಬ್ಬಿಣದ ಅಚ್ಚಿಗೆ ಅದರ ಗೊಡವೆ ಏನು? ಒಂದು ಅಚ್ಚು ಮಾಡಿಸುವುದು ದುಬಾರಿ ಕೆಲಸ. ಸವೆಯುವವರೆಗೂ ಬಳಸುತ್ತಿದ್ದರು, ಹಳೆಯ ಮುದ್ರೆ ಅದರಲ್ಲೇ ಉಳಿಯುತ್ತಿತ್ತು. ಒಂದು ಕಾರ್ಖಾನೆ ಮುಚ್ಚಿದರೆ ಪಕ್ಕದವರು ಅಚ್ಚು ಕೊಂಡುಕೊಳ್ಳುತ್ತಿದ್ದರು. ಡೇವಿಡ್‌ಸನ್ ಹೀಗೆ ಸುತ್ತಮುತ್ತಲ ಕಾರ್ಖಾನೆಗಳ ಅಚ್ಚುಗಳನ್ನು ಸೇರಿಸಿಕೊಂಡಿತು. ಹಾಗಾಗಿ ನೋಂದಣಿ ಒಬ್ಬರದು, ಗಾಜು ಇನ್ನೊಬ್ಬರದು ಆಗಬಹುದು.

ನೋಂದಣಿ ಹೇಳುವುದು ಇಷ್ಟೇ: ಈ ವಸ್ತು ಇದಕ್ಕಿಂತ ಹಳೆಯದಲ್ಲ. ಎರಡು ಗುರುತು ಒಟ್ಟಿಗೆ ಸಿಕ್ಕರೆ ಈ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ವಜ್ರದಲ್ಲಿ 1872 ಇದೆ, ಪಕ್ಕದಲ್ಲಿ ನವಿಲಿನ ತಲೆಯೂ ಇದೆ ಎಂದುಕೊಳ್ಳಿ. ನವಿಲು ಬಂದದ್ದೇ 1876ರಲ್ಲಿ. ಹಾಗಾದರೆ ವಿನ್ಯಾಸ 1872ರದು, ನಿಮ್ಮ ಕೈಯಲ್ಲಿರುವುದು 1876ರ ಈಚಿನದು. ನೋಂದಣಿ ಮುದ್ರೆ ಓದಿ ಅಷ್ಟಕ್ಕೇ ನಿಲ್ಲಿಸುವವರು ತಪ್ಪುವುದು ಇಲ್ಲೇ.

ಗುರುತೇ ಇಲ್ಲದಿದ್ದರೆ? ಎದೆಗುಂದಬೇಡಿ. ಆ ಕಾಲದ ಗಾಜಿನಲ್ಲಿ ಯಾವ ಗುರುತೂ ಇಲ್ಲದ್ದೇ ರಾಶಿ ಇದೆ. ‘ಡೆಪೋಸೆ’ ಎಂದಿದ್ದರೆ ಫ್ರಾನ್ಸಿನ ನೋಂದಣಿ.

ವಿನ್ಯಾಸದಿಂದ ಕಾರ್ಖಾನೆಗೆ

ವಿನ್ಯಾಸ ನೋಡುವಾಗ ಕಣ್ಣು ಸೀದಾ ನಡುವಿನ ಹೂವಿಗೋ ನಕ್ಷತ್ರಕ್ಕೋ ಹೋಗುತ್ತದೆ. ಅದರಿಂದ ಪ್ರಯೋಜನ ಕಡಿಮೆ. ವಜ್ರದ ಕಟ್ಟು, ನಕ್ಷತ್ರ, ಉದ್ದ ಗೀರು, ಮಣಿಸಾಲು, ಬುಟ್ಟಿ ಹೆಣಿಗೆ ಇವನ್ನೆಲ್ಲ ಎಲ್ಲರೂ ಮಾಡಿದ್ದಾರೆ, ಒಬ್ಬರದನ್ನು ಒಬ್ಬರು ನಕಲೂ ಮಾಡಿದ್ದಾರೆ. ನೀವು ನೋಡಬೇಕಾದ್ದು ಬಾಯಿಯಂಚು, ಹಿಡಿ, ಕಾಲು. ಅಂಚಿನಲ್ಲಿ ಎಷ್ಟು ಬಳುಕು, ಎರಡು ಬಳುಕಿನ ಮಧ್ಯೆ ಏನಿದೆ, ಹಿಡಿ ಮೈಗೆ ಸೇರುವ ಜಾಗದಲ್ಲಿ ಎಲೆ ಇದೆಯೇ, ತಳದ ನಕ್ಷತ್ರಕ್ಕೆ ಎಷ್ಟು ಕಿರಣ, ಎಲ್ಲ ಎಣಿಸಿ ಬರೆದುಕೊಳ್ಳಿ. ಅಗಲ, ಎತ್ತರ ಅಳೆಯಿರಿ.

ಸಕ್ಕರೆ ಬಟ್ಟಲು, ಹಾಲಿನ ಜಗ್, ಬೆಣ್ಣೆ ತಟ್ಟೆ, ಸೆಲರಿ ಸೊಪ್ಪಿನ ದಂಟು ಇಡುವ ಎತ್ತರದ ಹೂದಾನಿ ಇವೆಲ್ಲ ಒಂದೇ ವಿನ್ಯಾಸದ ಸೆಟ್ಟಾಗಿ ಬರುತ್ತಿದ್ದವು. ಎಷ್ಟೋ ಸಲ ಸೆಟ್ಟಿನ ಒಂದು ವಸ್ತುವಿಗೆ ಮಾತ್ರ ಗುರುತು ಸಿಗುತ್ತದೆ. ನಿಮ್ಮ ಗುರುತಿಲ್ಲದ ಜಗ್ಗಿಗೆ ಗುರುತಿರುವ ಅಣ್ಣನೋ ತಂಗಿಯೋ ಎಲ್ಲೋ ಇರಬಹುದು, ಅದೇ ಅಂಚು, ಅದೇ ಕಾಲು ಹೊತ್ತುಕೊಂಡು. ಮ್ಯೂಸಿಯಂಗಳ ಆನ್‌ಲೈನ್ ಚಿತ್ರಗಳಲ್ಲಿ ಹುಡುಕುವುದು ಇದಕ್ಕೇ. ಗೇಟ್ಸ್‌ಹೆಡ್‌ನ ಶಿಪ್ಲಿ ಆರ್ಟ್ ಗ್ಯಾಲರಿಯಲ್ಲಿ ಆ ಊರಿನ ಗಾಜಿನ ಒಳ್ಳೆಯ ಸಂಗ್ರಹ ಇದೆ. ಪೂರ್ತಿ ಖಚಿತ ಬೇಕೆನ್ನುವವರು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ಗೆ ಹೋಗಬೇಕು. ನೋಂದಣಿ ರಿಜಿಸ್ಟರುಗಳು, ಅವುಗಳ ಜೊತೆ ಕೊಟ್ಟ ಚಿತ್ರಗಳು ಅಲ್ಲಿವೆ. 1842ರಿಂದ 1883ರ ಚಿತ್ರಗಳು ‘ಬಿಟಿ 43’ ಎಂಬ ಸಾಲಿನಲ್ಲಿ, ರಿಜಿಸ್ಟರುಗಳು ‘ಬಿಟಿ 44’ರಲ್ಲಿ.

ಸೋವರ್ಬಿಯ ಕೆಲವು ವಸ್ತುಗಳು ಮಾತ್ರ ಪಟ್ಟಿಯಿಲ್ಲದೆ ಹಿಡಿಯುವಷ್ಟು ಬೇರೆ. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದ ವಾಲ್ಟರ್ ಕ್ರೇನ್‌ನ ಚಿತ್ರಗಳಂತೆಯೇ ಶಿಶುಗೀತೆಯ ಪಾತ್ರಗಳು ಅವುಗಳ ಮೇಲೆ ಉಬ್ಬಿ ನಿಂತಿರುತ್ತವೆ. ಪ್ರೆಸ್ಡ್ ಗ್ಲಾಸ್‌ನಲ್ಲಿ ಇಷ್ಟು ಚೆಂದದ್ದು ಬೇರೆ ಇಲ್ಲ ಅಂತ ನನ್ನ ಅನಿಸಿಕೆ. ಉಳಿದ ಎಷ್ಟೋ ವಿನ್ಯಾಸಗಳು ಕಟ್ ಗ್ಲಾಸ್‌ನ ನಕಲು ಮಾಡುವ ಆತುರದಲ್ಲೇ ಉಳಿದುಹೋದವು.

ಬಣ್ಣ ಏನು ಹೇಳುತ್ತದೆ

ನೇರಳೆಗೆ ಬಿಳಿ ಸುಳಿ ಬೆರೆತದ್ದನ್ನು ಸ್ಲ್ಯಾಗ್ ಗ್ಲಾಸ್ ಅನ್ನುತ್ತಾರೆ, ಸೋವರ್ಬಿ ಅದಕ್ಕೆ ಮ್ಯಾಲಕೈಟ್ ಎಂದು ಹೆಸರಿಟ್ಟಿತ್ತು. ನೇರಳೆ ಬರುವುದು ಮ್ಯಾಂಗನೀಸ್‌ನಿಂದ. 1870-80ರ ದಶಕದಲ್ಲಿ ಇದಕ್ಕೆ ಭಾರಿ ಬೇಡಿಕೆ ಇತ್ತು. ಪಿಂಗಾಣಿಯ ಹಾಗೆ ಕಾಣುವ, ಬೆಳಕು ದಾಟದ ಗಾಜನ್ನು ಸೋವರ್ಬಿ 1877ರಿಂದ ವಿಟ್ರೋ ಪೋರ್ಸಲೇನ್ ಹೆಸರಿನಲ್ಲಿ ಮಾರಿತು. ದಂತದ ಬಣ್ಣದ ಕ್ವೀನ್ಸ್ ಐವರಿಯೂ ಅದೇ ದಶಕದ ಕೊನೆಯದು. ಕಪ್ಪು ಗಾಜು ಕಂಡರೆ ಶೋಕದ ಕಾಲ ನೆನಪಿಸಿಕೊಳ್ಳಿ. 1861ರಲ್ಲಿ ಗಂಡ ತೀರಿಕೊಂಡ ಮೇಲೆ ರಾಣಿ ವಿಕ್ಟೋರಿಯಾ ಕಪ್ಪು ಬಿಡಲಿಲ್ಲ, ದೇಶದಲ್ಲೂ ಕಪ್ಪು ಫ್ಯಾಷನ್ ಆಯಿತು.

ಡೇವಿಡ್‌ಸನ್‌ನ ಪರ್ಲೈನ್ ಗುರುತಿಸುವುದು ಸುಲಭ. 1889ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ತಳದಲ್ಲಿ ನೀಲಿ ಅಥವಾ ನಿಂಬೆ ಹಳದಿ, ಅಂಚಿಗೆ ಬರುತ್ತ ಹಾಲುಬಿಳುಪು. ಬಳಿದ ಬಣ್ಣ ಅಲ್ಲ ಅದು. ಒತ್ತಿದ ವಸ್ತುವಿನ ಅಂಚನ್ನು ಸ್ವಲ್ಪ ಆರಲು ಬಿಟ್ಟು ಮತ್ತೆ ಬೆಂಕಿಗೆ ಹಿಡಿದಾಗ ಅಷ್ಟು ಭಾಗ ಮಾತ್ರ ಬೆಳ್ಳಗಾಗುತ್ತದೆ. ಮೇಲೆ ಹೇಳಿದ 130643 ಸಂಖ್ಯೆ ಪರ್ಲೈನ್ ಮೇಲೆ ಸಿಕ್ಕರೆ ಸಂಖ್ಯೆ, ವಿನ್ಯಾಸ, ಬಣ್ಣ ಮೂರೂ ಒಂದೇ ಮಾತು ಹೇಳುತ್ತಿವೆ. ನಿಶ್ಚಿಂತೆಯಿಂದ ಕೊಳ್ಳಿ.

ಹಳದಿ ಪರ್ಲೈನ್‌ನಲ್ಲಿ ಯುರೇನಿಯಂ ಇರುತ್ತದೆ. ಹೆದರಬೇಡಿ, ಶೋಕೇಸಿನಲ್ಲಿಟ್ಟರೆ ಏನೂ ಆಗುವುದಿಲ್ಲ. ಅಲ್ಟ್ರಾವಯಲೆಟ್ ಟಾರ್ಚ್ ಬಿಟ್ಟರೆ ಗಾಢ ಹಸಿರಾಗಿ ಹೊಳೆಯುತ್ತದೆ. ಮಂಕಾಗಿ ಹಸಿರು ಕಂಡರೆ ಅದು ಮ್ಯಾಂಗನೀಸ್ ಇರಬಹುದು, ಯುರೇನಿಯಂ ಅಲ್ಲ. ಇನ್ನೊಂದು ವಿಷಯ: ಹೊಳೆದ ಮಾತ್ರಕ್ಕೆ ಹಳೆಯದು ಅಂತಲ್ಲ. ಯುರೇನಿಯಂ ಗಾಜನ್ನು ಈಚಿನ ದಶಕಗಳಲ್ಲೂ ಮಾಡಿದ್ದಾರೆ. ಟಾರ್ಚ್ ಹೇಳುವುದು ಗಾಜಿನಲ್ಲಿ ಏನಿದೆ ಎಂದು, ಯಾವಾಗ ಮಾಡಿದರು ಎಂದಲ್ಲ.

ತೆಳು ನೇರಳೆಯ ತಿಳಿ ಗಾಜಿನ ವಿಷಯದಲ್ಲೂ ಹುಷಾರು. ಗಾಜಿನ ಹಸಿರು ಛಾಯೆ ಹೋಗಲಿ ಎಂದು ಮ್ಯಾಂಗನೀಸ್ ಹಾಕುತ್ತಿದ್ದರು. ಅಂಥ ಗಾಜು ವರ್ಷಗಟ್ಟಲೆ ಬಿಸಿಲಿನಲ್ಲಿದ್ದರೆ ನೇರಳೆಗೆ ತಿರುಗುತ್ತದೆ. ವ್ಯಾಪಾರದ ಆಸೆಗೆ ವಿಕಿರಣ ಹಾಯಿಸಿ ಗಾಢ ನೇರಳೆ ಮಾಡುವವರೂ ಇದ್ದಾರೆ.

ಗುರುತುಗಳು ಒಂದಕ್ಕೊಂದು ಹೊಂದದಿದ್ದಾಗ

ನಿಜವಾದ ಪತ್ತೆದಾರಿ ಶುರುವಾಗುವುದು ಇಲ್ಲಿ. ಸೋವರ್ಬಿಯ ಡಾಲ್ಫಿನ್ ಕಾಲಿನ ಬಟ್ಟಲು ನೋಡಿ, ಅಚ್ಚು 1880ರ ದಶಕದ್ದು. ಆದರೆ ಅದೇ ಬಟ್ಟಲು ಎಣ್ಣೆ ಬಿದ್ದ ನೀರಿನ ಮೇಲಿನ ಬಣ್ಣಗಳಲ್ಲಿ ಮಿನುಗುತ್ತಿದ್ದರೆ, ಅಂದರೆ ಕಾರ್ನಿವಲ್ ಗ್ಲಾಸ್ ಆಗಿದ್ದರೆ, ಅದು ವಿಕ್ಟೋರಿಯನ್ ಅಲ್ಲವೇ ಅಲ್ಲ. ಆ ಬಣ್ಣದ ಪ್ರೆಸ್ಡ್ ಗ್ಲಾಸ್ ಅಮೆರಿಕದಲ್ಲಿ ಶುರುವಾದದ್ದೇ 1907ರ ಸುಮಾರಿಗೆ. ಸೋವರ್ಬಿ 1920ರ ದಶಕದಲ್ಲಿ ತನ್ನ ಹಳೆಯ ಅಚ್ಚುಗಳನ್ನು ಮತ್ತೆ ತೆಗೆದು ಕಾರ್ನಿವಲ್ ಮಾಡಿತು. ವಿನ್ಯಾಸ ಒಂದು ಕಾಲದ್ದು, ಬಣ್ಣ ಇನ್ನೊಂದು ಕಾಲದ್ದು. ಇಂಥ ಜಗಳದಲ್ಲಿ ಯಾವುದು ಈಚಿನದೋ ಅದನ್ನೇ ನಂಬಬೇಕು.

ನೇರಳೆ ಸ್ಲ್ಯಾಗ್ ಕೂಡ ಹೀಗೇ. ಅಮೆರಿಕದ ಓಹಾಯೋದ ಇಂಪೀರಿಯಲ್ ಕಂಪನಿ 1960-70ರ ದಶಕಗಳಲ್ಲಿ ಇದನ್ನು ಮಾಡಿ ಮಾರಿತು. ತಳದಲ್ಲಿ ಐ ಮತ್ತು ಜಿ ಅಕ್ಷರಗಳು ಒಂದರ ಮೇಲೊಂದು ಹೆಣೆದಿದ್ದರೆ ಅದು ಇಂಪೀರಿಯಲ್‌ನದು. ಅವರು ಮೋಸಕ್ಕೆಂದು ಮಾಡಿದ್ದಲ್ಲ. ಆಮೇಲೆ ಮಾರುವವರು ಸುಮ್ನೆ ‘ಹಳೇದು’ ಅಂದುಬಿಡುತ್ತಾರೆ, ಅಷ್ಟೇ.

ಮೇಲೆ ಹೇಳಿದ ಕಾರ್ನಿವಲ್ ಮಿನುಗು ನಮ್ಮ ದೇಶದಲ್ಲೂ ಇದೆ. ಉತ್ತರ ಪ್ರದೇಶದ ಫಿರೋಜಾಬಾದ್‌ನಲ್ಲಿ ಕಾರ್ನಿವಲ್ ಗ್ಲಾಸ್ ಮಾಡಿದ್ದರು. ತಳದಲ್ಲಿ ಇಂಗ್ಲಿಷಿನಲ್ಲಿ ‘ಜೈನ್’ ಎಂದು ಬರೆದ ಲೋಟವನ್ನು ಹೊರದೇಶದ ಸಂಗ್ರಾಹಕರು ಹುಡುಕಿಕೊಂಡು ಬರುತ್ತಾರೆ. ನಿಮ್ಮ ಅಜ್ಜಿಮನೆಯ ಗಾಜಿನ ಕಪಾಟಿನಲ್ಲಿ ಅಂಥದ್ದಿದ್ದರೆ ಗುಜರಿಗೆ ಹಾಕಬೇಡಿ.

ಕಡೆಗೆ ತಳದ ಸವೆತ ನೋಡಿ. ನೂರು ವರ್ಷ ಮೇಜಿನ ಮೇಲೆ ಎಳೆದಾಡಿದ ಬಟ್ಟಲಿನ ತಳದಲ್ಲಿ ಗೀರುಗಳು ಎಲ್ಲ ದಿಕ್ಕಿಗೂ ಓಡುತ್ತವೆ, ನೆಲಕ್ಕೆ ತಾಗುವ ಭಾಗದಲ್ಲಿ ಮಾತ್ರ. ಗೀರುಗಳೆಲ್ಲ ಒಂದೇ ದಿಕ್ಕಿಗಿದ್ದರೆ, ನೆಲಕ್ಕೆ ತಾಗದ ಜಾಗದಲ್ಲೂ ಇದ್ದರೆ ಯಾರೋ ಉಪ್ಪುಕಾಗದ ಹಿಡಿದು ಉಜ್ಜಿದ್ದಾರೆ.

ಕೊಂಡು ತಂದ ಮೇಲೆ ಡಿಶ್‌ವಾಷರಿಗೆ ಹಾಕಬೇಡಿ. ಉಗುರುಬೆಚ್ಚಗಿನ ನೀರು, ಮೆತ್ತನೆ ಬಟ್ಟೆ ಸಾಕು. ಚಳಿಗಾಲದಲ್ಲಿ ಕಾರಿನಿಂದ ತಂದ ಗಾಜನ್ನು ಕೂಡಲೇ ಬಿಸಿನೀರಿಗೆ ಇಳಿಸಿದರೆ ಪಟ್ಟೆಂದು ಸೀಳುತ್ತದೆ. ಮೊದಲು ಒಂದಷ್ಟು ಹೊತ್ತು ಮನೆಯೊಳಗೆ ಇಟ್ಟು ಆಮೇಲೆ ತೊಳೆಯಿರಿ. ತೊಳೆದಾಗಲೇ ಸಂದಿಯ ಕೊಳೆ ಹೋಗಿ, ಅಲ್ಲಿಯವರೆಗೆ ಕಾಣದ ಮುದ್ರೆ ಕಾಣಿಸುವುದೂ ಉಂಟು. ಆದ್ದರಿಂದ ಗುರುತಿಲ್ಲ ಎಂದು ತೀರ್ಮಾನ ಮಾಡುವುದೇನಿದ್ದರೂ ತೊಳೆದ ಮೇಲೆ.